ಮಗನ ಕೈಗೆ ಫೋನು, ಮಗಳ ಕೈಗೆ ನಿಯಮ

2025ರ ಗೌರಿ ಹಬ್ಬಕ್ಕೆ ಹಾಸನ ಜಿಲ್ಲೆಯ ಸಣ್ಣ ಊರೊಂದರಲ್ಲಿರುವ ನನ್ನ ಕೊನೆಯ ತಂಗಿಯ ಮನೆಗೆ ಹೋಗಿದ್ದೆ. ಹಬ್ಬಕ್ಕೆ ತಂಗಿಯ ಮನೆಗೆ ಹೋಗಿ ಬಾಗಿನ ಕೊಟ್ಟು ಬರುವ ಪದ್ಧತಿಯನ್ನು ನಾವು ಇನ್ನೂ ಬಿಟ್ಟಿಲ್ಲ. ತಂಗಿಗೆ ಇಬ್ಬರು ಮಕ್ಕಳು. ಮಗಳು ಆಗ ದ್ವಿತೀಯ ಪಿಯುಸಿಯಲ್ಲಿದ್ದಳು, ಮಗ ಪ್ರಥಮ ಪಿಯುಸಿಯಲ್ಲಿ. ಮಗ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಸಂತೋಷಕ್ಕೆ ಮನೆಗೆ ಹೊಸ ಸ್ಮಾರ್ಟ್‌ಫೋನ್ ಬಂದಿತ್ತು. ಅವನಿಗಿಂತ ಹೆಚ್ಚು ಅಂಕ ಪಡೆದಿದ್ದ ಅಕ್ಕನಿಗೆ, ಕಾಲೇಜಿನ ಟಿಪ್ಪಣಿಗಳೆಲ್ಲ ವಾಟ್ಸ್ಆ್ಯಪ್‌ನಲ್ಲೇ ಬರುತ್ತವೆಂಬ ಕಾರಣಕ್ಕೆ, ಅಪ್ಪ ಬಳಸಿ ಬಿಟ್ಟ ಹಳೆಯ ಫೋನ್ ಸಿಕ್ಕಿತ್ತು. ಹಬ್ಬದ ದಿನ ನಾನು ಹೋದಾಗ ಮಗನ ಫೋನ್ ಅವನ ಕೈಯಲ್ಲಿತ್ತು. ಮಗಳ ಫೋನ್ ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ತಂಗಿಯ ಸೊಂಟದಲ್ಲಿತ್ತು.

ನಡೆದದ್ದು ಇಷ್ಟು. ಕಾಲೇಜಿನ ಸಮಾರಂಭದಲ್ಲಿ ತೆಗೆದ ಈ ಹುಡುಗಿಯ ಫೋಟೊ ಒಂದನ್ನು ಯಾರೋ ಎತ್ತಿಕೊಂಡು, ಅವಳದೇ ಹೆಸರಿನಲ್ಲಿ ಇನ್‌ಸ್ಟಾಗ್ರಾಮ್ ಖಾತೆ ತೆರೆದು, ಅಸಭ್ಯವಾದ ಬರಹಗಳನ್ನು ಹಾಕತೊಡಗಿದ್ದರು. ಗೆಳತಿಯೊಬ್ಬಳಿಂದ ಅವಳಿಗೆ ಅದು ತಿಳಿಯಿತು. ಆರು ವಾರಗಳ ಕಾಲ ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೊನೆಗೆ ಸಂಬಂಧಿಕರೊಬ್ಬರು ಅವಳ ತಂದೆಯ ಕಿವಿಗೆ ಹಾಕಿದರು. ಆ ರಾತ್ರಿಯೇ ಫೋನ್ ಬೀರು ಸೇರಿತು. ಮರುದಿನ ಭಾವ ನನಗೆ ಕರೆ ಮಾಡಿದರು. ಸರ್ಕಾರಿ ಕೆಲಸದಲ್ಲಿದ್ದವನು, ನಾಲ್ಕು ಜನರ ಕಷ್ಟಸುಖ ನೋಡಿದವನು ಎಂಬ ಭರವಸೆಯಿಂದ ಸಲಹೆ ಕೇಳಿದರು. 'ಸದ್ಯಕ್ಕೆ ಫೋನ್ ತೆಗೆದಿಟ್ಟಿದ್ದು ಒಳ್ಳೆಯದೇ ಆಯಿತು, ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ' ಎಂದು ನಾನು ಹೇಳಿದೆ. ಮೂರು ದಶಕಗಳಿಗೂ ಹೆಚ್ಚು ಕಾಲ ಆಡಳಿತದಲ್ಲಿದ್ದು ನಾನು ಕೊಟ್ಟ ಸಲಹೆ ಅದು.

ಹಬ್ಬದ ಊಟ ಮುಗಿದ ಮೇಲೆ ಹಿತ್ತಿಲ ಕಟ್ಟೆಯ ಮೇಲೆ ಆ ಹುಡುಗಿ ನನ್ನ ಪಕ್ಕದಲ್ಲಿ ಕೂತಳು. 'ತಪ್ಪು ಮಾಡಿದೋನ ಫೋನು ಅವನ ಹತ್ರಾನೇ ಇದೆ ಮಾವ. ನಂದು ಮಾತ್ರ ಹೋಯ್ತು' ಎಂದಳು. ಅಳಲಿಲ್ಲ, ದೂರಿದಂತೆಯೂ ಇರಲಿಲ್ಲ. ಫೋನ್ ಇಲ್ಲದ ಆ ದಿನಗಳಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಕೊನೆಯ ದಿನಾಂಕ ಕಳೆದುಹೋಗಿತ್ತು ಎಂಬುದೂ ಆಗಲೇ ತಿಳಿಯಿತು. ಆ ಸೂಚನೆ ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿತ್ತು. ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಅದಕ್ಕೆ ತಡವಾಗಿ ಹುಡುಕಿದ ಉತ್ತರ.

ಅರ್ಥಶಾಸ್ತ್ರ ಓದಿದವನಿಗೆ ಒಂದು ಮನೆಯ ಕಥೆಯಿಂದ ಸಮಾಜದ ಬಗ್ಗೆ ತೀರ್ಮಾನಕ್ಕೆ ಬರುವುದು ಸರಿಯೆನಿಸುವುದಿಲ್ಲ. ಆದ್ದರಿಂದ ಅಂಕಿಅಂಶಗಳತ್ತ ತಿರುಗಿದೆ. ಗ್ರಾಮೀಣ ಭಾರತದ ಶಿಕ್ಷಣ ಸ್ಥಿತಿಯನ್ನು ಅಳೆಯುವ 'ಅಸರ್' ಸಮೀಕ್ಷೆ 2023ರಲ್ಲಿ 14ರಿಂದ 18 ವರ್ಷದವರನ್ನೇ ವಿಶೇಷವಾಗಿ ಗಮನಿಸಿತು. 26 ರಾಜ್ಯಗಳ 28 ಜಿಲ್ಲೆಗಳಲ್ಲಿ 34 ಸಾವಿರಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು ಮಾತನಾಡಿಸಿತು. ಸುಮಾರು ಶೇ 90ರಷ್ಟು ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಫೋನ್ ಬಳಸಲು ಬರುವವರ ಪೈಕಿ ಸ್ವಂತದ ಫೋನ್ ಹೊಂದಿದ್ದ ಹುಡುಗರು ಶೇ 43.7, ಹುಡುಗಿಯರು ಶೇ 19.8. ಅರ್ಧಕ್ಕಿಂತಲೂ ಕಡಿಮೆ. ಮರುವರ್ಷದ ಸಮೀಕ್ಷೆಯಲ್ಲಿ 14ರಿಂದ 16ರ ವಯಸ್ಸಿನವರಲ್ಲಿಯೂ ಅಂತರ ಕಂಡಿತು: ಹುಡುಗರು ಶೇ 36.2, ಹುಡುಗಿಯರು ಶೇ 26.9.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸಾಮಾಜಿಕ ಜಾಲತಾಣಗಳ ಬಳಕೆಯಲ್ಲಿ ಅಂತರ ಅಷ್ಟು ದೊಡ್ಡದಲ್ಲ. 2023ರ ಸಮೀಕ್ಷೆಯಂತೆ, ಫೋನ್ ಬಳಸಬಲ್ಲವರಲ್ಲಿ ಹಿಂದಿನ ವಾರ ಜಾಲತಾಣ ನೋಡಿದ್ದ ಹುಡುಗರು ಶೇ 93.4, ಹುಡುಗಿಯರು ಶೇ 87.8. ಎರಡು ಅಂಕಿಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಹುಡುಗಿಯರೂ ಹೆಚ್ಚುಕಡಿಮೆ ಹುಡುಗರಷ್ಟೇ ಆ ಲೋಕದಲ್ಲಿದ್ದಾರೆ. ಆದರೆ ಅಮ್ಮನ ಫೋನಿನಲ್ಲಿ, ಅಣ್ಣನ ಫೋನಿನಲ್ಲಿ, ಅಡುಗೆಮನೆಯ ಕೆಲಸ ಮುಗಿದ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ ಇದ್ದಾರೆ. ಫೋನ್ ಕೊಡದಿದ್ದರೆ ಮಗಳು ಜಾಲತಾಣದಿಂದ ದೂರ ಉಳಿಯುತ್ತಾಳೆ ಎಂಬ ತಂದೆತಾಯಿಯರ ನಂಬಿಕೆಗೆ ಆಧಾರವಿಲ್ಲ. ಅವಳು ದೂರ ಉಳಿದಿಲ್ಲ. ಎರವಲು ಫೋನಿನಲ್ಲಿ, ಅವಸರದಲ್ಲಿ, ನೋಡಿದ್ದನ್ನು ಅಳಿಸಿ ಹಿಂದಿರುಗಿಸುತ್ತಾ ಅಲ್ಲಿಯೇ ಇದ್ದಾಳೆ.

ಎರವಲು ಬಳಕೆಯ ಪರಿಣಾಮವೇನು? ಸೈಕಲ್ ಇದ್ದವನಿಗೆ ಸಮತೋಲನ ಬರುತ್ತದೆ, ಆಗಾಗ ಬೇರೆಯವರ ಸೈಕಲ್ ಹತ್ತುವವನು ಬೀಳುತ್ತಲೇ ಇರುತ್ತಾನೆ. ಖಾತೆಯನ್ನು ಅಪರಿಚಿತರಿಗೆ ಕಾಣದಂತೆ ಮಾಡುವುದು, ಪೀಡಿಸುವವರನ್ನು ತಡೆಹಿಡಿಯುವುದು, ಪಾಸ್‌ವರ್ಡ್ ಬದಲಿಸುವುದು ಇವೆಲ್ಲ ಕೈ ಪಳಗಿದರೆ ಬರುವ ವಿದ್ಯೆ. 2023ರ ಸಮೀಕ್ಷೆಯಲ್ಲಿ ಜಾಲತಾಣ ಬಳಸುವವರ ಪೈಕಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಮಾತ್ರ ಈ ಸುರಕ್ಷತಾ ಕ್ರಮಗಳು ಗೊತ್ತಿದ್ದವು; ಹುಡುಗರಿಗಿಂತ ಹುಡುಗಿಯರಿಗೆ ಕಡಿಮೆ ಗೊತ್ತಿದ್ದವು. ಯಾರಿಗೆ ರಕ್ಷಣೆ ಹೆಚ್ಚು ಬೇಕೋ ಅವರಿಗೇ ಅದರ ತಿಳಿವಳಿಕೆ ಕಡಿಮೆ. ನಮ್ಮ ಎಚ್ಚರಿಕೆಯೇ ಅವರನ್ನು ಆ ತಿಳಿವಳಿಕೆಯಿಂದ ದೂರ ಇಟ್ಟಿದೆ.

ಈ ವಿಷಯದಲ್ಲಿ ನಮ್ಮ ಪತ್ರಿಕೆಗಳಲ್ಲಿಯೂ ಟಿ.ವಿ. ಚರ್ಚೆಗಳಲ್ಲಿಯೂ ಕೇಳಿಬರುವ ವಾದಗಳು ಹೆಚ್ಚಾಗಿ ಪಶ್ಚಿಮದಿಂದ ಬಂದವು. ಅಲ್ಲಿನ ಚಿಂತೆ ಬೇರೆಯದು. ಫೇಸ್‌ಬುಕ್ ಕಂಪನಿಯ ಆಂತರಿಕ ಸಂಶೋಧನೆಯ ಕಡತಗಳು 2021ರಲ್ಲಿ ಹೊರಬಿದ್ದಾಗ, ತಮ್ಮ ದೇಹದ ಬಗ್ಗೆ ಕೀಳರಿಮೆಯಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ 32ರಷ್ಟು ಮಂದಿ ಇನ್‌ಸ್ಟಾಗ್ರಾಮ್‌ನಿಂದ ಅದು ಇನ್ನಷ್ಟು ಹೆಚ್ಚಾಯಿತೆಂದು ಹೇಳಿದ್ದು ಬೆಳಕಿಗೆ ಬಂತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಾಲತಾಣಗಳಿಂದ ತಮ್ಮ ಮಾನಸಿಕ ಆರೋಗ್ಯ ಕೆಟ್ಟಿದೆ ಎಂದ ಹುಡುಗಿಯರು ಶೇ 25, ಹುಡುಗರು ಶೇ 14. ಅಲ್ಲಿ ಹುಡುಗ ಹುಡುಗಿ ಇಬ್ಬರ ಕೈಯಲ್ಲಿಯೂ ಫೋನ್ ಇದೆ. ಪ್ರಶ್ನೆ ಇರುವುದು ಯಾರು ಅದರಲ್ಲಿ ಏನು ನೋಡಿ ನೊಂದುಕೊಳ್ಳುತ್ತಾರೆ ಎಂಬುದರ ಬಗ್ಗೆ.

ನಮ್ಮ ಹುಡುಗಿಯರಿಗೂ ಆ ಕಷ್ಟ ತಪ್ಪಿದ್ದಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳೆಯುವ ಹುಡುಗಿಗೆ ತನ್ನ ಮೈಬಣ್ಣ, ಮೈಕಟ್ಟುಗಳ ಬಗ್ಗೆ ನ್ಯೂಯಾರ್ಕಿನ ಹುಡುಗಿಗಿರುವಷ್ಟೇ ಅಳುಕು ಇದ್ದೀತು. ಆದರೆ ನಮ್ಮಲ್ಲಿ ಅದಕ್ಕೂ ಮೊದಲಿನ ಪ್ರಶ್ನೆಯೊಂದು ಇತ್ಯರ್ಥವಾಗದೆ ಉಳಿದಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಎಂದಾದರೂ ಇಂಟರ್‌ನೆಟ್ ಬಳಸಿದ್ದೇನೆ ಎಂದ 15ರಿಂದ 49 ವರ್ಷದ ಮಹಿಳೆಯರು ಶೇ 33.3, ಪುರುಷರು ಶೇ 57.1. ಈ ಅಂತರ ಹದಿಹರೆಯದಲ್ಲಿ ಹುಟ್ಟಿ ಜೀವನದುದ್ದಕ್ಕೂ ಹಿಂಬಾಲಿಸುತ್ತದೆ. ಪಶ್ಚಿಮದ ಔಷಧಿಯನ್ನು ಹಾಗೆಯೇ ತಂದು ನಮ್ಮ ಮನೆಯಲ್ಲಿ ಕುಡಿಸಿದರೆ ಅದು ಸೇರುವುದು ಈಗಾಗಲೇ ಫೋನ್ ಇಲ್ಲದವಳ ಬಾಯಿಗೇ.

ಫೋನ್ ಕಂಡರೆ ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಏಕೆ ಇಷ್ಟು ಹೆದರುತ್ತೇವೆ? ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಸೂರಜ್ ಗ್ರಾಮದ ಹಿರಿಯರು 2016ರಲ್ಲಿ ಅವಿವಾಹಿತ ಹುಡುಗಿಯರು ಮೊಬೈಲ್ ಬಳಸಬಾರದೆಂದು ತೀರ್ಮಾನಿಸಿ, ಮೀರಿದರೆ ₹2,100 ದಂಡವೆಂದು ಸಾರಿದರು. 2019ರಲ್ಲಿ ಅದೇ ರಾಜ್ಯದ ಬನಾಸಕಾಂಠಾ ಜಿಲ್ಲೆಯ ಒಂದು ಸಮುದಾಯವೂ ಇಂಥದೇ ನಿರ್ಣಯ ಮಾಡಿತು. ಹುಡುಗರಿಗೆ ಹಾಗೆ ದಂಡ ಹಾಕಲಿಲ್ಲ. ಸುದ್ದಿ ಓದಿ ನಗರದ ನಾವು ನಕ್ಕೆವು. ಆದರೆ ಅದೇ 2019ರಲ್ಲಿ ಕೇರಳದ ಕಾಲೇಜೊಂದರ ವಿದ್ಯಾರ್ಥಿನಿಯರ ವಸತಿನಿಲಯದಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಫೋನ್ ಒಪ್ಪಿಸಬೇಕೆಂಬ ನಿಯಮವಿತ್ತು. ಅದನ್ನು ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಿದ್ದರಿಂದ ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕು ಮತ್ತು ಖಾಸಗಿತನದ ಹಕ್ಕುಗಳ ಭಾಗವೆಂದು ನ್ಯಾಯಾಲಯ ಹೇಳಿ, ಅವಳನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಓದುಬರಹ ಬಲ್ಲವರ ಸಂಸ್ಥೆಗಳೂ ಹಳ್ಳಿಯ ಹಿರಿಯರಿಗಿಂತ ಬಹಳ ಮುಂದೇನೂ ಹೋಗಿಲ್ಲ. ನಾವು ದಂಡ ಹಾಕುವುದಿಲ್ಲ. ಮಗಳ ಪಾಸ್‌ವರ್ಡ್ ಕೇಳುತ್ತೇವೆ, ಮಗನದನ್ನು ಕೇಳುವುದಿಲ್ಲ.

ಹೆದರಿಕೆಗೆ ಕಾರಣ ಇಲ್ಲವೆಂದು ನಾನು ಹೇಳುತ್ತಿಲ್ಲ. ಪ್ಲಾನ್ ಇಂಟರ್‌ನ್ಯಾಷನಲ್ ಸಂಸ್ಥೆ 2020ರಲ್ಲಿ 22 ದೇಶಗಳ 14 ಸಾವಿರ ಹುಡುಗಿಯರು ಮತ್ತು ಯುವತಿಯರನ್ನು ಕೇಳಿದಾಗ, ಶೇ 58ರಷ್ಟು ಮಂದಿ ಜಾಲತಾಣಗಳಲ್ಲಿ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು. ಅಪಾಯ ನಿಜ. ನನ್ನ ತಕರಾರು ಇರುವುದು ಆ ಅಪಾಯದ ವೆಚ್ಚವನ್ನು ನಾವು ಯಾರ ಲೆಕ್ಕಕ್ಕೆ ಬರೆಯುತ್ತಿದ್ದೇವೆ ಎಂಬುದರಲ್ಲಿ. ಕಾರ್ಖಾನೆಯೊಂದು ಹೊಳೆಗೆ ಹೊಲಸು ನೀರು ಬಿಟ್ಟರೆ, ಅದರ ವೆಚ್ಚವನ್ನು ಕಾರ್ಖಾನೆಯ ಮಾಲೀಕನ ಮೇಲೆ ಹಾಕಬೇಕೆಂದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಹೇಳಿಕೊಡುತ್ತಾರೆ. ಹೊಳೆಯ ಕೆಳಗಿನ ಊರಿನವರಿಗೆ 'ನೀವು ನೀರು ಕುಡಿಯಬೇಡಿ' ಎಂದು ಆದೇಶಿಸಿ ಸಮಸ್ಯೆ ಬಗೆಹರಿಯಿತೆಂದು ಯಾರೂ ಹೇಳುವುದಿಲ್ಲ. ಹೆಣ್ಣುಮಕ್ಕಳ ಫೋನಿನ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ.

ಇದರಿಂದ ಒಂದು ವಿಪರೀತ ಪರಿಣಾಮವುಂಟಾಗುತ್ತದೆ. ಕಿರುಕುಳಕ್ಕೊಳಗಾದ ಹುಡುಗಿ ಮನೆಯಲ್ಲಿ ಹೇಳಿಕೊಂಡರೆ ಅವಳಿಗೆ ಸಿಗುವುದೇನು? ಮೊದಲು ಫೋನ್ ಹೋಗುತ್ತದೆ. ಆಮೇಲೆ ಸಂಜೆಯ ಟ್ಯೂಷನ್ ಹೋಗಬಹುದು. ಕೆಲವು ಮನೆಗಳಲ್ಲಿ ಕಾಲೇಜೇ ಹೋಗಿ ಗಂಡು ನೋಡುವ ಮಾತು ಬರುತ್ತದೆ. ಹೇಳದೆ ಉಳಿದರೆ ಹಿಂಸೆ ಮುಂದುವರಿಯುತ್ತದೆ, ಆದರೆ ಉಳಿದದ್ದೆಲ್ಲ ಉಳಿಯುತ್ತದೆ. ಈ ಲೆಕ್ಕ ಹಾಕಲು ಅವಳಿಗೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ನನ್ನ ತಂಗಿಯ ಮಗಳು ಆರು ವಾರ ಬಾಯಿ ಬಿಡದಿದ್ದುದಕ್ಕೆ ಕಾರಣ ಅವಳ ಅಂಜುಬುರುಕತನವೆಂದು ಮೊದಲು ನಾನು ತಿಳಿದಿದ್ದೆ. ಅವಳು ನಮ್ಮನ್ನೆಲ್ಲ ಸರಿಯಾಗಿ ಅಂದಾಜು ಮಾಡಿದ್ದಳು. ನಾವು ಅವಳ ಅಂದಾಜಿನಂತೆಯೇ ನಡೆದುಕೊಂಡೆವು. ಪೀಡಿಸುವವನಿಗೂ ಈ ಲೆಕ್ಕ ಗೊತ್ತು. 'ಮನೆಯವರಿಗೆ ಹೇಳುತ್ತೇನೆ' ಎಂದು ಅವನೇ ಹುಡುಗಿಯನ್ನು ಹೆದರಿಸುವ ವಿಚಿತ್ರ ಸ್ಥಿತಿಯನ್ನು ನಾವು ನಿರ್ಮಿಸಿದ್ದೇವೆ.

ಇನ್ನು ಹುಡುಗರ ವಿಷಯ. ಅವರಿಗೆ ಸಿಕ್ಕಿರುವುದು ಸ್ವಾತಂತ್ರ್ಯವೆಂದು ಹೊರನೋಟಕ್ಕೆ ಕಾಣುತ್ತದೆ. ನನಗೆ ಅದು ನಿರ್ಲಕ್ಷ್ಯವಾಗಿ ಕಾಣತೊಡಗಿದೆ. ಬ್ರಿಟನ್ನಿನ ಮಕ್ಕಳ ಅಂಕಿಅಂಶ ಆಧರಿಸಿ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಜಾಲತಾಣದ ಬಳಕೆ ಹೆಚ್ಚಿದ ವರ್ಷದ ನಂತರ ಜೀವನದ ಬಗೆಗಿನ ತೃಪ್ತಿ ಕುಗ್ಗುವುದು ಹುಡುಗಿಯರಲ್ಲಿ 11ರಿಂದ 13ನೇ ವಯಸ್ಸಿನಲ್ಲಿ, ಹುಡುಗರಲ್ಲಿ 14 ಮತ್ತು 15ನೇ ವಯಸ್ಸಿನಲ್ಲಿ ಕಾಣುತ್ತದೆಂದು ಹೇಳಿತು. ಅಲ್ಲಿನ ಫಲಿತಾಂಶ ಇಲ್ಲಿಗೆ ಪೂರ್ತಿ ಅನ್ವಯಿಸಬೇಕೆಂದಿಲ್ಲ. ಆದರೂ ಯೋಚಿಸಬೇಕಾದ ಮಾತು. ಮಗ ಪ್ರೌಢಶಾಲೆ ದಾಟುವ ಹೊತ್ತಿಗೆ ಫೋನ್ ಕೊಟ್ಟು, 'ಗಂಡು ಹುಡುಗ, ನೋಡಿಕೊಳ್ಳುತ್ತಾನೆ' ಎಂದು ನಾವು ಬೆನ್ನು ತಿರುಗಿಸುವ ವಯಸ್ಸೂ ಹೆಚ್ಚುಕಡಿಮೆ ಅದೇ.

ತಂಗಿಯ ಮನೆಯಲ್ಲಿ ಮಗಳ ಫೋನಿನ ಗದ್ದಲದ ನಡುವೆ ಇನ್ನೊಂದು ಸಂಗತಿ ಯಾರ ಗಮನಕ್ಕೂ ಬಂದಿರಲಿಲ್ಲ. ಮಗ ತಾಯಿಯ ಖಾತೆಗೆ ಜೋಡಿಸಿದ್ದ ಫೋನ್ ಪಾವತಿಯ ಮೂಲಕ, ಹಣ ಕಟ್ಟಿ ಆಡುವ ಯಾವುದೋ ಆಟದಲ್ಲಿ ಒಟ್ಟು ₹11 ಸಾವಿರ ಕಳೆದಿದ್ದ. ಸ್ತ್ರೀಶಕ್ತಿ ಗುಂಪಿನ ಸಾಲದ ಕಂತಿಗೆಂದು ತಂಗಿ ಇಟ್ಟಿದ್ದ ದುಡ್ಡು ಅದು. ಇಂತಹ ಆಟಗಳನ್ನು ನಿಷೇಧಿಸುವ ಕಾನೂನಿಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ, ಅಂದರೆ ಆ ಹಬ್ಬದ ಹಿಂದಿನ ವಾರವಷ್ಟೇ ಒಪ್ಪಿಗೆ ಕೊಟ್ಟಿತ್ತು. ವಿಷಯ ತಿಳಿದಾಗ ಭಾವ ಮಗನಿಗೆ ಬೈದರು, ಎರಡು ದಿನ ಮಾತು ಬಿಟ್ಟರು. ಫೋನ್ ಮಾತ್ರ ಅವನ ಬಳಿಯೇ ಉಳಿಯಿತು. ಏನೂ ತಪ್ಪು ಮಾಡದವಳ ಫೋನ್ ಬೀರುವಿನಲ್ಲಿ, ಮನೆಯ ದುಡ್ಡು ಕಳೆದವನ ಫೋನ್ ಜೇಬಿನಲ್ಲಿ.

ಹಣ ಹೋದದ್ದು ಸಣ್ಣ ನಷ್ಟ. 2020ರ ಮೇ ತಿಂಗಳಲ್ಲಿ ದೆಹಲಿಯ ಶಾಲಾ ಹುಡುಗರು ಕೆಲವರು ಇನ್‌ಸ್ಟಾಗ್ರಾಮ್‌ನಲ್ಲಿ ಗುಂಪು ಕಟ್ಟಿಕೊಂಡು, ತಮಗೆ ಗೊತ್ತಿದ್ದ ಹುಡುಗಿಯರ ಫೋಟೊಗಳನ್ನು ಹಂಚಿಕೊಂಡು ಹೇಸಿಗೆಯ ಮಾತುಗಳನ್ನಾಡಿದ್ದು ಬಯಲಾಯಿತು. 'ಬಾಯ್ಸ್ ಲಾಕರ್ ರೂಮ್' ಎಂಬ ಆ ಗುಂಪಿನ ಹೆಸರನ್ನು ಓದುಗರು ಮರೆತಿರಲಾರರು. ಆಗ ಎಲ್ಲರೂ ಕೇಳಿದ್ದು, ಹುಡುಗಿಯರು ಅಂಥ ಫೋಟೊಗಳನ್ನು ಏಕೆ ಹಾಕಬೇಕಿತ್ತು ಎಂದು. ಆ ಹುಡುಗರ ಫೋನಿನಲ್ಲಿ ಏನಿದೆಯೆಂದು ಅವರ ಮನೆಯವರು ಅದುವರೆಗೆ ಏಕೆ ನೋಡಿರಲಿಲ್ಲ ಎಂದು ಕೇಳಿದವರು ಕಡಿಮೆ. ನನ್ನ ತಂಗಿಯ ಮಗಳ ಹೆಸರಿನಲ್ಲಿ ಖಾತೆ ತೆರೆದವನೂ ಯಾವುದೋ ಮನೆಯ ಮಗನೇ ಇರಬೇಕು. ಆ ಮನೆಯ ತಂದೆತಾಯಿಯರು ತಮ್ಮ ಮಗಳಿಗೆ ಫೋನ್ ಕೊಡದೆ ತಾವು ಜವಾಬ್ದಾರಿಯುತರೆಂದು ನೆಮ್ಮದಿಯಿಂದ ಇದ್ದಿರಲೂಬಹುದು. ಹುಡುಗಿಯರ ಸುರಕ್ಷತೆಯ ಪಾಠ ಹುಡುಗರ ಮನೆಯಲ್ಲಿ ಆರಂಭವಾಗಬೇಕು ಎಂದು ನಾನು ಹೇಳುವುದು ಇದಕ್ಕೇ.

ಈಗ ಕಾನೂನಿನತ್ತ ನೋಡೋಣ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಪ್ರಮುಖ ಜಾಲತಾಣಗಳಲ್ಲಿ ಖಾತೆ ನಿಷೇಧಿಸಿದೆ. ನಮ್ಮಲ್ಲಿಯೂ ಹಾಗೆಯೇ ಮಾಡಬೇಕೆಂಬ ಮಾತು ಕೇಳಿಬರುತ್ತಿದೆ. ಆ ನಿಷೇಧದ ಹೊಣೆ ಕಂಪನಿಗಳ ಮೇಲಿದೆ, ಮಕ್ಕಳ ಮೇಲಾಗಲಿ ಪೋಷಕರ ಮೇಲಾಗಲಿ ದಂಡವಿಲ್ಲ ಎಂಬುದನ್ನು ಗಮನಿಸಬೇಕು. ಹುಡುಗ ಹುಡುಗಿಯರಿಗೆ ಅಲ್ಲಿ ಒಂದೇ ನಿಯಮ. ಭಾರತ ಹಿಡಿದಿರುವ ದಾರಿ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ನಡವಳಿಕೆಯನ್ನು ಹಿಂಬಾಲಿಸುವುದನ್ನೂ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ಸಾಮಾನ್ಯವಾಗಿ ನಿಷೇಧಿಸುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಬಾಧ್ಯತೆಗಳ ಜಾರಿಗೆ 18 ತಿಂಗಳ ಕಾಲಾವಕಾಶ ಕೊಡಲಾಯಿತು.

ಕಾಯ್ದೆಯ ಎರಡನೆಯ ಭಾಗವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಮೊದಲನೆಯ ಭಾಗದ ಬಗ್ಗೆ ಒಬ್ಬ ಹಳೆಯ ಆಡಳಿತಗಾರನಾಗಿ ಆತಂಕವಿದೆ. ಆದೇಶ ಕಾಗದದ ಮೇಲೆ ಎಲ್ಲರಿಗೂ ಒಂದೇ ಇರುತ್ತದೆ. ಅದು ಮನೆಯ ಹೊಸ್ತಿಲು ದಾಟಿ ಒಳಗೆ ಹೋದ ಮೇಲೆ ಮನೆಯ ನಿಯಮವಾಗುತ್ತದೆ. ಒಪ್ಪಿಗೆ ಕೊಡುವ ಫೋನ್ ಮನೆಯ ಯಜಮಾನನದು, ಗುರುತಿನ ದಾಖಲೆ ಜೋಡಿಸಿರುವುದು ಅವನ ಸಂಖ್ಯೆಗೆ. ಮಗ ಕೇಳಿದರೆ ಚಹಾ ಕುಡಿಯುತ್ತಲೇ ಒಪ್ಪಿಗೆ ಒತ್ತುತ್ತಾನೆ. ಮಗಳು ಕೇಳಿದರೆ 'ಯಾಕೆ, ಏನು, ಯಾರ ಜೊತೆ' ಎಂದು ಮೂರು ಪ್ರಶ್ನೆ ಬರುತ್ತವೆ. ಲಿಂಗಭೇದ ಮಾಡದ ಕಾನೂನು ಲಿಂಗಭೇದ ಮಾಡುವ ಮನೆಯ ಮೂಲಕ ಜಾರಿಯಾದಾಗ ಫಲಿತಾಂಶ ಏನೆಂದು ಊಹಿಸುವುದು ಕಷ್ಟವಲ್ಲ. ತಾಯಿ ತನ್ನ ಗುರುತಿನ ಮೇಲೆ ಸುಲಭವಾಗಿ ಒಪ್ಪಿಗೆ ಕೊಡುವಂತೆ ವ್ಯವಸ್ಥೆ ರೂಪಿಸಬೇಕು. ಎಷ್ಟು ಹುಡುಗರಿಗೆ, ಎಷ್ಟು ಹುಡುಗಿಯರಿಗೆ ಒಪ್ಪಿಗೆ ದೊರೆಯಿತೆಂಬ ಲೆಕ್ಕವನ್ನು ಕಂಪನಿಗಳು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಅಂತರ ಕಣ್ಣಿಗೆ ಕಾಣದಿದ್ದರೆ ಸರಿಪಡಿಸಲು ಬರುವುದಿಲ್ಲ.

ಇಲ್ಲಿ ನನ್ನ ಸೇವಾವಧಿಯ ಒಂದು ನೆನಪು ಪ್ರಸ್ತುತ. ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಆರಂಭವಾದಾಗ ನಾನು ಜಿಲ್ಲಾ ಪಂಚಾಯಿತಿಯಲ್ಲಿದ್ದೆ. ವಿತರಣೆಯ ದಿನ ಶಾಲೆಯೊಂದರ ಅಂಗಳದಲ್ಲಿ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, 'ಹೆಣ್ಣುಮಗಳ ಕೈಗೆ ಸೈಕಲ್ ಕೊಟ್ರೆ ಎಲ್ಲಿಗೆ ಹೋಗ್ತಾಳೋ ಏನೋ ಸ್ವಾಮಿ' ಎಂದರು. ದಾರಿಯಲ್ಲಿ ಪುಂಡರಿದ್ದಾರೆ ಎಂಬ ಅವರ ಮಾತು ಸುಳ್ಳಾಗಿರಲಿಲ್ಲ. ಕೆಲವು ತಿಂಗಳ ನಂತರ ಅದೇ ರಸ್ತೆಯಲ್ಲಿ ಸಮವಸ್ತ್ರ ತೊಟ್ಟ ಹತ್ತು ಹನ್ನೆರಡು ಹುಡುಗಿಯರು ಸಾಲಾಗಿ ಸೈಕಲ್ ತುಳಿಯುತ್ತಾ ಹೋಗುವುದನ್ನು ಜೀಪಿನಿಂದ ನೋಡಿದೆ. ಒಬ್ಬಳೇ ಇದ್ದಾಗ ಹೆದರಿಸುತ್ತಿದ್ದ ದಾರಿ ಹನ್ನೆರಡು ಜನರಿದ್ದಾಗ ಅವರದೇ ಆಗಿತ್ತು. ಬಿಹಾರದಲ್ಲಿ 2006ರಲ್ಲಿ ಜಾರಿಗೆ ಬಂದ ಇಂಥದೇ ಯೋಜನೆಯ ಬಗ್ಗೆ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ, ಅದರಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು, ಹುಡುಗ ಹುಡುಗಿಯರ ನಡುವಣ ಅಂತರ ಶೇ 40ರಷ್ಟು ತಗ್ಗಿತು ಎಂದು ತೋರಿಸಿದೆ.

ಹೋಲಿಕೆಗೆ ಮಿತಿಯಿದೆ ಎಂಬುದನ್ನು ಒಪ್ಪುತ್ತೇನೆ. ಸೈಕಲ್ ಯಾರನ್ನೂ ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿರಿಸುವುದಿಲ್ಲ. ಫೋನಿನೊಳಗೆ ಕುಳಿತ ಲೆಕ್ಕಾಚಾರ, ಮಗು ಎಷ್ಟು ಹೊತ್ತು ಪರದೆ ನೋಡುತ್ತದೆ ಎಂಬುದರ ಮೇಲೆಯೇ ಲಾಭ ಗಳಿಸುತ್ತದೆ. ಹೀಗಾಗಿ ಮಿತಿ ಬೇಡವೆಂದು ನಾನು ವಾದಿಸುತ್ತಿಲ್ಲ. ಮಿತಿ ಖಂಡಿತ ಬೇಕು, ಆದರೆ ಅದು ಮಗುವಿನ ವಯಸ್ಸು ನೋಡಿ ಇಡಬೇಕಾದ ಮಿತಿ. ಅದು ಗಂಡೋ ಹೆಣ್ಣೋ ಎಂದು ನೋಡಿ ಅಲ್ಲ.

'ಹುಡುಗಿಗೆ ಅಪಾಯ ಹೆಚ್ಚು, ಆದ್ದರಿಂದ ಎಚ್ಚರಿಕೆಯೂ ಹೆಚ್ಚು. ಇದರಲ್ಲಿ ಭೇದಭಾವವೇನು ಬಂತು?' ಎಂದು ಓದುಗರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ವಾದಿಸಿದವನು. ಎಚ್ಚರಿಕೆಯೆಂದರೆ ಕಲಿಸುವುದು, ಜೊತೆಗೆ ನಿಲ್ಲುವುದು, ಅಪರಾಧಿಯನ್ನು ಹುಡುಕುವುದು. ಕಸಿದುಕೊಳ್ಳುವುದನ್ನು ಎಚ್ಚರಿಕೆ ಎಂದು ಕರೆದು ನಮ್ಮ ಕೆಲಸವನ್ನು ನಾವು ಹಗುರ ಮಾಡಿಕೊಂಡಿದ್ದೇವೆ. ಅಲ್ಲದೆ 2024ರ ಅಸರ್ ಸಮೀಕ್ಷೆಯಲ್ಲಿ, ಫೋನ್ ಬಳಸಬಲ್ಲ 14ರಿಂದ 16 ವರ್ಷದವರಲ್ಲಿ ಶೇ 57ರಷ್ಟು ಮಂದಿ ಹಿಂದಿನ ವಾರ ಅದನ್ನು ಕಲಿಕೆಗಾಗಿ, ಶೇ 76ರಷ್ಟು ಮಂದಿ ಜಾಲತಾಣಕ್ಕಾಗಿ ಬಳಸಿದ್ದರು. ಪಾಠವೂ ಮನರಂಜನೆಯೂ ಒಂದೇ ಯಂತ್ರದಲ್ಲಿವೆ. ಒಂದನ್ನು ಕಸಿದರೆ ಇನ್ನೊಂದೂ ಹೋಗುತ್ತದೆ. ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಹಾಗೆಯೇ ಹೋಯಿತು.

ಮನೆಯಲ್ಲಿ ಆಗಬೇಕಾದದ್ದು ದೊಡ್ಡ ಕೆಲಸವೇನಲ್ಲ. ಯಾವ ವಯಸ್ಸಿಗೆ ಮಗನಿಗೆ ಫೋನೋ ಅದೇ ವಯಸ್ಸಿಗೆ ಮಗಳಿಗೂ. ರಾತ್ರಿ ಹತ್ತಕ್ಕೆ ಇಬ್ಬರ ಫೋನೂ ನಡುಮನೆಯ ಒಂದೇ ಜಾಗದಲ್ಲಿ ಚಾರ್ಜಿಗೆ; ಸಾಧ್ಯವಾದರೆ ಅಪ್ಪನದೂ. ಮಗಳ ಫೋನಿನ ಬಗ್ಗೆ ಕೇಳುವ ಪ್ರಶ್ನೆಗಳನ್ನು ಮಗನಿಗೂ ಕೇಳುವುದು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಮಾತು ಕೊಡುವುದು: 'ಏನೇ ಆಗಲಿ, ಬಂದು ಹೇಳು. ಹೇಳಿದ್ದಕ್ಕಾಗಿ ಫೋನ್ ಕಿತ್ತುಕೊಳ್ಳುವುದಿಲ್ಲ.' ಈ ಮಾತನ್ನು ಉಳಿಸಿಕೊಳ್ಳುವುದು ಕೊಡುವುದಕ್ಕಿಂತ ಕಷ್ಟ. ಆದರೂ ಮಗು ಬಾಯಿ ಬಿಡಬೇಕಾದರೆ ಆ ಭರವಸೆ ಬೇಕು.

ಶಾಲಾ ಕಾಲೇಜುಗಳು ಸೂಚನೆಗಳನ್ನೆಲ್ಲ ವಾಟ್ಸ್ಆ್ಯಪ್‌ಗೆ ಒಪ್ಪಿಸಿ ಕೈ ತೊಳೆದುಕೊಳ್ಳಬಾರದು. ಫೋನ್ ಇಲ್ಲದ ಮಕ್ಕಳಿಗಾಗಿ ಸೂಚನಾ ಫಲಕ ಇನ್ನೂ ಜೀವಂತವಾಗಿರಬೇಕು. 2024ರ ಸಮೀಕ್ಷೆಯಲ್ಲಿ ಜಾಲತಾಣ ಬಳಸುವ ಮಕ್ಕಳ ಪೈಕಿ ಶೇ 62ರಷ್ಟು ಮಂದಿಗೆ ಪೀಡಕರನ್ನು ತಡೆಯುವುದು ಗೊತ್ತಿತ್ತು, ಖಾತೆಯನ್ನು ಖಾಸಗಿಯಾಗಿಡುವುದು ಶೇ 55ರಷ್ಟು ಮಂದಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆ ಇದನ್ನು ಕಲಿಸಲು ಒಂದು ವಾರದ ಪಾಠ ಸಾಕು. ಹುಡುಗಿಯರನ್ನಷ್ಟೇ ಸಭಾಂಗಣದಲ್ಲಿ ಕೂರಿಸಿ ಜಾಗೃತಿ ಭಾಷಣ ಮಾಡುವ ಪದ್ಧತಿ ನಿಲ್ಲಬೇಕು. ಇನ್ನೊಬ್ಬರ ಫೋಟೊ ಹಂಚುವುದು ಅಪರಾಧವಾಗಬಹುದು, ಹದಿನೆಂಟರೊಳಗಿನವರದಾದರೆ ಪೋಕ್ಸೊ ಕಾಯ್ದೆಯೂ ಅನ್ವಯಿಸಬಹುದು ಎಂಬುದನ್ನು ಮೊದಲು ತಿಳಿಯಬೇಕಾದವರು ಹುಡುಗರು. ಮಕ್ಕಳ ಸಹಾಯವಾಣಿ 1098, ಹಣ ವಂಚನೆಗೆ 1930, ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಲು ಅವಕಾಶವಿರುವ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್, ಇವು ಪ್ರತಿ ತರಗತಿಯ ಗೋಡೆಯ ಮೇಲಿರಬೇಕು.

ಹಬ್ಬದ ಮರುದಿನ ನಾನು, ಭಾವ ಮತ್ತು ಆ ಹುಡುಗಿ ಮೂವರೂ ಕುಳಿತು ಆ ನಕಲಿ ಖಾತೆಯ ಬಗ್ಗೆ ದೂರು ದಾಖಲಿಸಿದೆವು. ದೂರು ಕೊಡಲು ಬೀರುವಿನಿಂದ ಅವಳ ಫೋನನ್ನೇ ತೆಗೆಯಬೇಕಾಯಿತು. ಹೇಗೆಂದು ನಮಗಿಬ್ಬರಿಗೂ ತಿಳಿದಿರಲಿಲ್ಲ, ಅವಳಿಗೆ ತಿಳಿದಿತ್ತು. ಕೆಲವೇ ದಿನಗಳಲ್ಲಿ ಖಾತೆ ಮಾಯವಾಯಿತು. ಮಾಡಿದವನು ಯಾರೆಂದು ಇಂದಿಗೂ ಪತ್ತೆಯಾಗಿಲ್ಲ. ಆ ವರ್ಷದ ವಿದ್ಯಾರ್ಥಿವೇತನ ಮರಳಿ ಬರಲಿಲ್ಲ. ಕಾಲೇಜಿನ ಶುಲ್ಕದಲ್ಲಿ ಅಷ್ಟನ್ನು ನಾನು ಕಟ್ಟಿದೆ. ಅದು ಉಪಕಾರವಲ್ಲ, ನನ್ನ ಸಲಹೆಗೆ ನಾನು ತೆತ್ತ ದಂಡ. ಫೋನ್ ಮತ್ತೆ ಬೀರುವಿಗೆ ಹೋಗಲಿಲ್ಲ. ಮೊನ್ನೆ ತಂಗಿ ಮಾತನಾಡುವಾಗ ಹೇಳಿದಳು, ಈಗ ರಾತ್ರಿ ಎರಡು ಫೋನೂ ದೇವರ ಮನೆಯ ಪಕ್ಕದ ಗೂಡಿನಲ್ಲಿರುತ್ತವಂತೆ. ಮಗ ಗೊಣಗುತ್ತಾನಂತೆ. ಗೊಣಗಲಿ. ಅವನ ಅಕ್ಕ ಇಷ್ಟು ವರ್ಷ ಗೊಣಗದೆ ಒಪ್ಪಿಕೊಂಡಿದ್ದ ನಿಯಮ ಅದು.